ತನ್ನ ಕಲ್ಲಿಗೆ ತಾನೇ ಪೂಜಾರಿಯಾದ ಬರಮ

ಬಹಳ ಹಿಂದೆ, ನಮ್ಮಜ್ಜನ ಅಜ್ಜನಿಗೂ ಅದು ಹಳೆಯ ಕಾಲವೇ ಆಗಿದ್ದಾಗ, ಹಳ್ಳದ ದಂಡೆಯ ಮೇಲೆ ಒಂದು ಊರಿತ್ತು. ಊರು ಈಗಲೂ ಇದೆ. ಹೆಸರು ಮಾತ್ರ ಕೇಳಬೇಡಿ. ಒಂದು ಹೆಸರು ಹೇಳಿದರೆ ಆಚೆ ದಂಡೆಯವರು ‘ಬರಮ ನಮ್ಮವನು’ ಎಂದು ಕೋಲು ಹಿಡಿದು ಬರುತ್ತಾರೆ, ಈಚೆಯವರ ಕೈಯಲ್ಲೂ ಕೋಲಿದೆ. ಕೇಳುವುದಾದರೆ ಸುಮ್ಮನೆ ಕೇಳಿ, ನಡುವೆ ಬಾಯಿ ಹಾಕಬೇಡಿ. ಈ ಕಥೆಯಲ್ಲಿ ಬಾಯಿ ಹಾಕಿದವರೇ ಹೆಚ್ಚಾಗಿ ಇದು ಇಷ್ಟು ಗೋಜಲಾಗಿರುವುದು.

ಆ ಊರಿನಲ್ಲಿ ಬರಮ ಎಂಬ ಕುರಿಗಾರನಿದ್ದನಂತೆ. ತಾಯಿ ಕರೆವ್ವ, ಹೆಂಡತಿ ಗಿರೆವ್ವ, ಮುಳ್ಳುಬೇಲಿಯ ಹಟ್ಟಿ ತುಂಬ ಕುರಿ. ಹಾಡುವವರು ಬರಮನನ್ನು ತಾಳೆಮರದಷ್ಟು ಎತ್ತರ ಮಾಡಿಬಿಟ್ಟಿದ್ದಾರೆ. ಗಿರೆವ್ವ ಮಾತ್ರ, ಅವನು ಕಂಬಳಿ ಹೊದ್ದು ಕುರಿಗಳ ನಡುವೆ ಕೂತರೆ ಹುಡುಕಬೇಕಾಗುತ್ತಿತ್ತು ಎನ್ನುತ್ತಿದ್ದಳಂತೆ. ಆದರೆ ಕೈಗೆ ಕವಣೆ ಬಂದರೆ ಅವನೇ ಬೇರೆ. ಅವನು ಬೀಸಿದ ಕಲ್ಲು ಓಡುವ ತೋಳದ ಕಿವಿಯ ಹಿಂದೆಯೇ ಹೋಗಿ ಬೀಳುತ್ತಿತ್ತಂತೆ. ಇದನ್ನು ಅವಳೂ ಒಪ್ಪುತ್ತಿದ್ದಳು.

ಹಳ್ಳದ ಮೇಲುಗಡೆ ಗುಡ್ಡದಲ್ಲಿ ಒಂದು ಕೋಟೆ. ಕೋಟೆಯ ದೊರೆಗೆ ಗೋಡೆ ಕಟ್ಟಿಸುವ ಹುಚ್ಚು. ಕಟ್ಟಿದಷ್ಟೂ ಅವನಿಗೆ ಹೆದರಿಕೆ ಹೆಚ್ಚುತ್ತಿತ್ತು, ಹೆದರಿಕೆ ಹೆಚ್ಚಿದಷ್ಟೂ ಮತ್ತೆ ಕಟ್ಟಿಸುತ್ತಿದ್ದ. ಮನೆಗೊಬ್ಬ ಆಳು ಬಿಟ್ಟಿ ಕೆಲಸಕ್ಕೆ ಬರಬೇಕೆಂದು ಡಂಗುರ ಸಾರಿಸಿದ. ಹೋದವರಿಗೆ ಕೂಲಿಯಿಲ್ಲ, ಕೂಳೂ ಇಲ್ಲ. ಕಲ್ಲುರುಳಿ ಸತ್ತವರನ್ನು ಹೊರಗೆ ತೆಗೆಯದೆ ಗೋಡೆಯೊಳಗೇ ಸೇರಿಸಿ ಕಟ್ಟಿದರಂತೆ. ಕಡೆಗೆ ಸುತ್ತಿನ ಊರುಗಳೆಲ್ಲ ‘ಬಿಟ್ಟಿ ಒಲ್ಲೆವು’ ಎಂದು ಎದ್ದವು. ಈಟಿ ಇದ್ದವರು ಈಟಿ ತಂದರು, ಕುಡುಗೋಲು ಇದ್ದವರು ಕುಡುಗೋಲು ತಂದರು. ಬರಮ ಕವಣೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಗಿರೆವ್ವ ತಡೆಯಲಿಲ್ಲ. ಅವಳ ಅಣ್ಣನೂ ಆ ಗೋಡೆಯೊಳಗೇ ಇದ್ದ.

ದಂಗೆ ಹೇಗೆ ನಡೆಯಿತೋ, ಗಿರೆವ್ವನಿಗೆ ಗೊತ್ತಾದದ್ದು ಬಂದವರ ಬಾಯಿಂದ. ಮೊದಲು ಬಂದವನು, ಬರಮನನ್ನು ಹುಣಸೆಮರಕ್ಕೆ ನೇಣು ಹಾಕಿದರು, ಕಣ್ಣಾರೆ ಕಂಡೆ ಎಂದ. ಅವನು ನೀರು ಕುಡಿದು ಮುಗಿಸುವ ಮೊದಲೇ ಇನ್ನೊಬ್ಬ ಬಂದು, ನೇಣಲ್ಲ, ಗುಂಡೇಟು ತಿಂದು ಹೊಳೆಗೆ ಬಿದ್ದ ಎಂದ. ಇಬ್ಬರೂ ಅವಳ ಅಂಗಳದಲ್ಲೇ ನಿಂತು ಜಗಳಾಡಿದರಂತೆ. ಒಬ್ಬ ಮನುಷ್ಯ ಎರಡೆರಡು ಸಾವು ಹೇಗೆ ಸಾಯುತ್ತಾನೆ ಎಂದು ತಿಳಿಯದೆ ಗಿರೆವ್ವ, ಅಳಬೇಕೋ ಬೇಡವೋ ಎಂದು ಅತ್ತೆಯ ಮುಖ ನೋಡಿದಳು. ಕರೆವ್ವನೂ ಅವಳ ಮುಖ ನೋಡಿದಳು.

ಮೂರನೆಯ ಸಾವನ್ನು ತಂದವನು ಕೋಟೆಯ ಜಮಾದಾರ. ಕುದುರೆಯ ಮೇಲೆ ಬಂದು, ಚಾವಡಿಯ ಮುಂದೆ ಊರವರನ್ನೆಲ್ಲ ಕೂಡಿಸಿ ತಾನೇ ಹೇಳಿದ. ಸೋತು ಓಡಿದ ಬರಮ ಪಕ್ಕದ ಹಾಳೂರಿನ ಹಗೇವಿನಲ್ಲಿ ಹಾರಿಕೊಂಡನಂತೆ. ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಹಳ ದಿನ ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ, ಇಳಿದವನು ಕುಸಿದು ಬೀಳುತ್ತಾನೆ. ಅದಕ್ಕೇ ನಮ್ಮ ಜನ ಇಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಬಿಡುತ್ತಾರೆ. ದೀಪ ಉರಿದರೆ ಇಳಿಯಬಹುದು, ಆರಿದರೆ ಯಾರೂ ಹತ್ತಿರ ಹೋಗುವುದಿಲ್ಲ. ಜಮಾದಾರನೂ ಈ ನೆಲದವನೇ. ದೀಪ ಬಿಡಿಸಿದ, ದೀಪ ಆರಿತು. ಒಳಗಿರುವವನು ಸತ್ತ ಎಂದು ಬಾಯಿಗೆ ಚಪ್ಪಡಿ ಎಳೆಸಿ, ಮೇಲೆ ಮಣ್ಣು ಸುರಿಸಿ ಹಿಂತಿರುಗಿದ.

ಆದರೆ ಹೆಣ ಎಲ್ಲಿ ಎಂದು ದೊರೆ ಕೇಳಿದನಂತೆ. ಹೆಣ ತೆಗೆಯಲು ಯಾರು ಇಳಿಯುತ್ತಾರೆ? ಅದಕ್ಕೆ ಜಮಾದಾರ ಒಂದು ಉಪಾಯ ಮಾಡಿದ. ಬದುಕಿದವನಿಗೆ ಯಾರೂ ವೀರಗಲ್ಲು ನಿಲ್ಲಿಸುವುದಿಲ್ಲ, ಗಂಡ ಬದುಕಿರುವಾಗ ಯಾವ ಹೆಂಗಸೂ ಬಳೆ ಒಡೆದುಕೊಳ್ಳುವುದಿಲ್ಲ. ಅಮಾವಾಸ್ಯೆಯ ದಿನ ಬರುತ್ತೇನೆ, ನನ್ನ ಕಣ್ಣೆದುರಿಗೆ ಬರಮನ ಕಲ್ಲು ನಿಲ್ಲಬೇಕು, ಕಲ್ಲಿನೆದುರು ಅವನ ಹೆಂಡತಿಯ ಬಳೆ ಒಡೆಯಬೇಕು, ಆಗ ನಂಬುತ್ತೇನೆ. ಇಲ್ಲವಾದರೆ ನೀವೇ ಅವನನ್ನು ಬಚ್ಚಿಟ್ಟಿದ್ದೀರಿ ಎಂದು ತಿಳಿದು ಊರಿಗೆ ಬೆಂಕಿ ಇಡುತ್ತೇನೆ. ಹೀಗೆ ಹೇಳಿ ಹೋದ.

ಊರವರಿಗೆ ಇದರಲ್ಲಿ ಕಷ್ಟವೇನೂ ಕಾಣಲಿಲ್ಲ. ಹೆಣ ಸಿಗದ ವೀರನಿಗೆ ಕಲ್ಲು ನಿಲ್ಲಿಸುವುದು ಇದ್ದದ್ದೇ. ಕಲ್ಲುಕುಟಿಗ ಕೂತು ಕೆತ್ತಿದ. ಕೆಳಗೆ ಕವಣೆ ಬೀಸುವ ಬರಮ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಬರಮ. ಮೀಸೆ ಸ್ವಲ್ಪ ದೊಡ್ಡದೇ ಆಯಿತು. ಗಿರೆವ್ವ ಹೋಗಿ ನೋಡಿ ಬಂದಳು. ದೇವಕನ್ಯೆಯರನ್ನು ಕಂಡು ಅವಳಿಗೆ ಸಿಟ್ಟು ಬಂತೇ ಹೊರತು ಅಳು ಬರಲಿಲ್ಲ.

ಅಮಾವಾಸ್ಯೆ ಬಂತು. ಬೆಳಗ್ಗೆ ಮರಿಗಳಿಗೆ ಹಾಲೂಡಿಸಲು ಗಿರೆವ್ವ ಹಟ್ಟಿಗೆ ಹೋದಳು. ಕುರಿಗಳೆಲ್ಲ ಒಂದು ಮೂಲೆಯಲ್ಲಿ ಗುಂಪಾಗಿ ನಿಂತಿದ್ದವು. ಗುಂಪಿನ ನಡುವೆ ಮಣ್ಣು ಮೆತ್ತಿದ ಒಂದು ಆಕಾರ ಕೂತು ಅವಳನ್ನೇ ನೋಡುತ್ತಿತ್ತು. ದೆವ್ವಕ್ಕೆ ಕಾಲು ಹಿಂದುಮುಂದಾಗಿರುತ್ತದೆ ಎಂದು ಎಲ್ಲರಂತೆ ಅವಳೂ ಕೇಳಿದ್ದಳು.

“ಮೊದ್ಲು ಕಾಲು ತೋರ್ಸು,” ಅಂದಳು.

ಬರಮ ಕಾಲು ಚಾಚಿದ. ಕಾಲು ನೆಟ್ಟಗೇ ಇತ್ತು. ಆದರೆ ಒಂದು ಕಾಲು ಬಾತು ಕುಂಬಳಕಾಯಿಯಷ್ಟಾಗಿತ್ತು. ಅದನ್ನು ಮುಟ್ಟಿ ನೋಡಿ, ಬಿಸಿ ತಾಗಿದ ಮೇಲೆ ಅವಳು ಅಲ್ಲೇ ಕುರಿಗಳ ನಡುವೆ ಕುಸಿದು ಕೂತಳಂತೆ.

ಅವನು ಬದುಕಿ ಬಂದದ್ದು ಹೇಗೆ? ಇಲ್ಲಿ ಎಲ್ಲರೂ ಒಂದೊಂದು ಹೇಳುತ್ತಾರೆ. ನಾಗರಹಾವು ದಾರಿ ತೋರಿಸಿತು ಅನ್ನುವವರಿದ್ದಾರೆ. ಭೂಮಿತಾಯಿ ಬಾಯಿ ತೆರೆದಳು ಅನ್ನುವವರಿದ್ದಾರೆ. ಬರಮ ಹೆಂಡತಿಗೆ ಹೇಳಿದ್ದು ಇಷ್ಟು: “ದೀಪ ತಾನಾಗಿ ಆರ್ಲಿಲ್ಲ. ನಾ ಊದಿ ಆರ್ಸಿದೆ.” ದೀಪ ಉರಿದರೆ ಇಳಿಯುತ್ತಾರೆ ಎಂದು ಅವನಿಗೂ ಗೊತ್ತಿತ್ತು. ಅದು ಯಾರೋ ಮೊನ್ನೆಮೊನ್ನೆ ಬಾಯಿ ತೆರೆದು ಕಾಳು ಒಯ್ದಿದ್ದ ಹಗೇವು, ಕೆಟ್ಟ ಗಾಳಿಯೇನೂ ಇರಲಿಲ್ಲ. ಆಮೇಲೆ ಚಪ್ಪಡಿ ಬಿತ್ತು, ಮಣ್ಣು ಬಿತ್ತು. ಹಗೇವು ಹಳ್ಳದ ದಂಡೆಯಲ್ಲೇ ಇತ್ತು, ಒಂದು ಕಡೆಯ ಗೋಡೆಯನ್ನು ಮುಳ್ಳುಹಂದಿ ಕೊರೆದಿತ್ತು. ಆ ಬಿಲವನ್ನು ಚೂರಿಯಿಂದ, ಉಗುರಿನಿಂದ, ಕಡೆಗೆ ಹಲ್ಲಿನಿಂದ ಅಗಲ ಮಾಡುತ್ತ ಹೋದ. ಎಷ್ಟು ದಿನ ಹಿಡಿಯಿತೋ ಅವನಿಗೇ ಗೊತ್ತಿಲ್ಲ. ಕತ್ತಲಲ್ಲಿ ದಿನವೆಲ್ಲಿಯದು?

“ಗಿರಿ, ಒಳಗಿದ್ದಾಗ ನಾ ಸತ್ತೀನಿ ಅಂತ ತಿಳಕೊಂಡಿದ್ದೆ,” ಅಂದ. “ಹೊರಗ ಬಂದ್ಮ್ಯಾಲೂ ಅದs ಅನುಮಾನ. ನೀ ನೋಡಿ ಹೇಳು. ನಾ ಸತ್ತೀನೋ, ಬದುಕೀನೋ?”

ಗಿರೆವ್ವ ಬಾಯಿ ತೆರೆದಳು. ಅಷ್ಟರಲ್ಲಿ ಊರೊಳಗೆ ಡೊಳ್ಳು ಬಡಿಯಿತು. ಕಲ್ಲನ್ನು ಮೆರವಣಿಗೆಯಲ್ಲಿ ತರುತ್ತಿದ್ದರು.

ಅವಳು ಓಡಿಹೋಗಿ ಅತ್ತೆಯನ್ನು ಕರೆತಂದಳು. ಕರೆವ್ವ ಮಗನನ್ನು ನೋಡಿದಳು, ಅವನ ತಲೆಯ ಮಣ್ಣು ಕೊಡವಿದಳು, ಕೂಗಿ ಅಳಲಿಲ್ಲ. ಮಗನನ್ನು ಕಂಬಳಿಯಲ್ಲಿ ಸುತ್ತಿ, ಮೇವಿನ ಕೆಳಗೆ ಮಲಗಿಸಿ, ಸೊಸೆಯನ್ನು ಹೊರಗೆ ಎಳೆದುಕೊಂಡು ಬಂದಳು. ಜಮಾದಾರ ಬಂದಾಗಿತ್ತು.

“ನಡಿ, ಬಳಿ ಒಡಸ್ಕೋ,” ಅಂದಳು.

“ಅತ್ತಿ, ಗಂಡ ಉಸಿರಾಡೂ ಮುಂದ ಬಳಿ ಒಡದ್ರ ಅವನ ಉಸಿರು ನಾನs ತಗದಂಗ ಆಗ್ತೈತಿ.”

“ಒಡೀದಿದ್ರ ಜಮಾದಾರ ತಗೀತಾನ. ಹೆತ್ತಾಕಿ ನಾ ಹೇಳಾಕತ್ತೀನಿ. ನಡಿ.”

ಗಿರೆವ್ವನ ಸ್ಥಿತಿಯನ್ನು ನೀವೇ ಯೋಚಿಸಿ. ಬಳೆ ಉಳಿದರೆ ಗಂಡ ಸಾಯುತ್ತಾನೆ, ಊರೂ ಸುಡುತ್ತದೆ. ಬಳೆ ಒಡೆದರೂ ಗಂಡ ಸಾಯುತ್ತಾನೆ, ಅವಳು ನಂಬಿದ್ದು ಹಾಗೆಯೇ. ಮೇವಿನ ಕೆಳಗೆ ಮಲಗಿದವನನ್ನು ತನ್ನ ಕೈಯಾರೆ ಕೊಲ್ಲಲು ಹೋಗುತ್ತಿದ್ದೇನೆಯೋ, ಉಳಿಸಲು ಹೋಗುತ್ತಿದ್ದೇನೆಯೋ ಎಂದು ತಿಳಿಯದೆ ಅವಳು ನಡೆದಳು. ಹಾದಿಯಲ್ಲಿ ಹೆಂಗಸರು ಅವಳ ತಲೆ ಸವರಿದರು. ಅವರಿಗೇನು ಗೊತ್ತು?

ಕಲ್ಲು ನಿಂತಿತು. ಜಮಾದಾರ ಕುದುರೆಯ ಮೇಲೆ ಕೂತೇ ನೋಡಿದ. ಗಿರೆವ್ವ ಎರಡೂ ಕೈಗಳನ್ನು ಕಲ್ಲಿನ ಮೇಲಿಟ್ಟಳು. ಮುದುಕಿಯೊಬ್ಬಳು ಗುಂಡುಕಲ್ಲಿನಿಂದ ಹಸಿರು ಬಳೆಗಳನ್ನು ಒಡೆದಳು. ಮೊದಲ ಬಳೆ ಒಡೆದ ಕೂಡಲೇ ಗಿರೆವ್ವ ಚೀರಿದ ಚೀರಿಕೆಗೆ ಕುದುರೆ ಹಿಂದಕ್ಕೆ ಸರಿಯಿತಂತೆ. ಅವಳು ಕಲ್ಲಿನ ಕಡೆ ನೋಡುತ್ತಿರಲಿಲ್ಲ, ಹಟ್ಟಿಯ ಕಡೆ ನೋಡುತ್ತಿದ್ದಳು. ಒಂದೊಂದು ಬಳೆ ಒಡೆದಾಗಲೂ ಅಲ್ಲಿ ಅವನ ಉಸಿರು ಒಂದೊಂದಾಗಿ ನಿಲ್ಲುತ್ತಿದೆ ಎಂದು ಅವಳು ಅಳುತ್ತಿದ್ದಳು. ಸುಳ್ಳು ಅಳುವನ್ನು ಜಮಾದಾರ ಬೇಕಾದಷ್ಟು ಕಂಡಿದ್ದ. ಇದು ಸುಳ್ಳಲ್ಲ ಎಂದು ಅವನಿಗೆ ಅರ್ಥವಾಯಿತು. ತಲೆಯ ರುಮಾಲು ಸರಿಮಾಡಿಕೊಂಡು, ಕುದುರೆ ತಿರುಗಿಸಿ ಹೊರಟುಹೋದ.

ಗಿರೆವ್ವ ರಕ್ತ ಸೋರುವ ಕೈಯಲ್ಲಿ ಹಟ್ಟಿಗೆ ಓಡಿದಳು. ಮೇವು ಸರಿಸಿದರೆ ಬರಮ ಕಣ್ಣು ಮುಚ್ಚಿ ಬಿದ್ದಿದ್ದ, ಕರೆದರೆ ಮಾತಿಲ್ಲ, ಮೈ ಕೆಂಡ. ಕೊಂದೆ ಎಂದು ತಲೆ ಚಚ್ಚಿಕೊಂಡಳು. ಕರೆವ್ವ ಸೊಸೆಯನ್ನು ಒಂದು ಏಟು ಹೊಡೆದು, ಬೇವಿನ ಎಲೆ ಅರೆ ಹೋಗು ಎಂದಳು. ಅವನು ಬಹಳ ದಿನ ಹಾಗೇ ಬಿದ್ದಿದ್ದನಂತೆ. ಜ್ವರದಲ್ಲಿ ಕಣ್ಣು ತೆರೆದಾಗೆಲ್ಲ ಅದೇ ಪ್ರಶ್ನೆ. ಸತ್ತೀನೋ, ಬದುಕೀನೋ? ಅವಳ ಬರಿಗೈ ನೋಡಿ ತಾನೇ ಉತ್ತರ ಮಾಡಿಕೊಂಡು ಮತ್ತೆ ಕಣ್ಣು ಮುಚ್ಚುತ್ತಿದ್ದ. ಅವಳು ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೇ ಅವನಿಗೆ ಗಂಜಿ ಕುಡಿಸಿದಳು.

ಕಡೆಗೆ ಅವನು ಎದ್ದ. ಎದ್ದವನನ್ನು ಏನೆಂದು ಕರೆಯುವುದು? ಮೀಸೆ ಬೋಳಿಸಿದರು, ಗಡ್ಡ ಬಿಡಿಸಿದರು, ಒಂದು ಕಾಲು ಹೇಗೂ ಕುಂಟಾಗಿತ್ತು. ದೂರದೂರಿನಿಂದ ಬಂದ ಅನಾಥ ಕುರಿಗಾರ, ಹೆಸರು ಪರದೇಶಿ ಎಂದು ಕರೆವ್ವ ಊರಿಗೆಲ್ಲ ಹೇಳಿದಳು. ಊರವರು ಅವನ ಮುಖ ನೋಡಿದರು, ಕರೆವ್ವನ ಮುಖ ನೋಡಿದರು, ಹಟ್ಟಿಯ ನಾಯಿ ಅವನ ಕಾಲು ನೆಕ್ಕುವುದನ್ನೂ ನೋಡಿದರು. ಹೌದವ್ವಾ, ಪರದೇಶಿ ಎಂದರು. ಯಾರಿಗೆ ಗೊತ್ತಿತ್ತು, ಯಾರಿಗೆ ಗೊತ್ತಿರಲಿಲ್ಲ ಎಂದು ಇವತ್ತಿಗೂ ಹೇಳಲಾಗದು. ಗೊತ್ತಿದ್ದವರು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಗಂಡನ ಹೆಸರನ್ನು ಎಂದೂ ಬಾಯಲ್ಲಿ ತಂದಿರದ ಗಿರೆವ್ವ ಈಗ ಎಲ್ಲರೆದುರು “ಏ ಪರದೇಶೀ” ಎಂದು ಕೂಗಬೇಕಾಯಿತು. ಮೊದಲ ಸಲ ಕೂಗಿದಾಗ ಇಬ್ಬರೂ ನಾಚಿಕೊಂಡರಂತೆ.

ಊರ ಗೌಡ ಹಂಪಣ್ಣ ಅವನಿಗೊಂದು ಕೆಲಸ ಕೊಟ್ಟ. ಬರಮನ ಕಲ್ಲನ್ನು ತೊಳೆದು, ಎಣ್ಣೆ ಹಚ್ಚಿ, ದೀಪ ಇಡುವ ಕೆಲಸ. ಗೌಡ ತಿಳಿದು ಕೊಟ್ಟನೋ ತಿಳಿಯದೆ ಕೊಟ್ಟನೋ, ಆ ಗೌಡನೇ ಬಲ್ಲ. ಹೀಗೆ ಬರಮ ತನ್ನ ಕಲ್ಲಿಗೆ ತಾನೇ ಪೂಜಾರಿಯಾದ. ಕಲ್ಲಿನ ಮುಂದೆ ಕೂತು ಜನ ಬರಮನ ಶೌರ್ಯ ಹೇಳುತ್ತಿದ್ದರು. ಒಂದೇ ಕವಣೆಕಲ್ಲಿಗೆ ಒಂದು ಸಾಲು ಕುದುರೆ ಮಲಗಿದವು ಎಂದು ಯಾರೋ ಹೇಳಿದಾಗ ಅವನು ತಡೆಯಲಾರದೆ, ಅಷ್ಟೇನೂ ಆಗಿರಲಿಲ್ಲ ಎಂದ. “ನೀ ಪರದೇಶಿ, ನಿನಗೇನು ಗೊತ್ತು ನಮ್ಮ ಬರಮನ ಸುದ್ದಿ?” ಎಂದು ಅವನನ್ನೇ ಬೈದರು.

ಒಂದು ದಿನ ಅವನಿಗೆ ತಲೆ ಕೆಟ್ಟಿತು. ಹರಕೆ ಹೊತ್ತು ಬಂದ ಹತ್ತೂರ ಜನರ ನಡುವೆ ನಿಂತು, “ನಾನೇ ಬರಮ!” ಎಂದು ಕೂಗಿಬಿಟ್ಟ. ಗಿರೆವ್ವನ ಜೀವವೇ ಹಾರಿಹೋಯಿತು. ಆದರೆ ಜನ ಏನು ಮಾಡಿದರು ಅಂತೀರಿ? ಬರಮ ಪೂಜಾರಿಯ ಮೈಮೇಲೆ ಬಂದ ಎಂದು ದಬದಬ ಕಾಲಿಗೆ ಬಿದ್ದರು, ಹಣೆಗೆ ಭಂಡಾರ ಹಚ್ಚಿದರು, ಮಳೆ ಯಾವಾಗ ಎಂದು ಕೇಳಿದರು. ಒಬ್ಬಳು ಕಳೆದುಹೋದ ಆಡು ಎಲ್ಲಿದೆ ಎಂದಳು. ಗಾಬರಿಯಲ್ಲಿ ಅವನು ಹಳ್ಳದ ಕಡೆ ಕೈ ತೋರಿಸಿದ. ಆಡು ಅಲ್ಲೇ ಸಿಕ್ಕಿತು! ಅಲ್ಲಿಗೆ ಮುಗಿಯಿತು. ಆಮೇಲೆ ಅವನು ನಿಜ ಹೇಳಿದಷ್ಟೂ ಜನ ಹೆಚ್ಚು ಹೆಚ್ಚು ಕೈಮುಗಿದರು. ಮನೆಗೆ ಬಂದು, “ಗಿರಿ, ಆ ಕಲ್ಲಿನ್ಯಾಗ ಇರಾಂವ ಯಾರೋ ಬ್ಯಾರೇನ ಅದಾನ ಅನಸ್ತೈತಿ,” ಎಂದನಂತೆ. ಮನೆಗೆ ಅಂದರೆ ಅಂಗಳಕ್ಕೆ. ಹೊಸ್ತಿಲು ದಾಟುವಂತಿರಲಿಲ್ಲ. ಒಳಗಿರುವವಳು ವಿಧವೆ, ಅವನು ಪರಗಂಡಸು.

ಅದೇ ಗಿರೆವ್ವನನ್ನು ಸುಡುತ್ತಿದ್ದದ್ದು. ಗಂಡನನ್ನು ಉಳಿಸಿಕೊಂಡಳು, ಆದರೆ ಉಳಿಸಿಕೊಂಡವನು ಹಟ್ಟಿಯಲ್ಲಿ ಮಲಗುತ್ತಾನೆ, ಅವಳು ಒಳಗೆ ಬರಿಗೈಯಲ್ಲಿ ಮಲಗುತ್ತಾಳೆ. ಕಡೆಗೆ ಅತ್ತೆಯ ಮುಂದೆ ಕೂತು, ನನ್ನನ್ನು ಪರದೇಶಿಗೆ ಉಡಿಕೆ ಮಾಡಿಕೊಡು ಎಂದು ಬಾಯಿಬಿಟ್ಟು ಕೇಳಿದಳು. ಗಂಡ ಸತ್ತವಳಿಗೆ ಸೀರೆ ಉಡಿಸಿ ಇನ್ನೊಬ್ಬನ ಕೈ ಹಿಡಿಸುವುದಕ್ಕೆ ಉಡಿಕೆ ಎನ್ನುತ್ತಾರೆ. ಅವರ ಕುಲದಲ್ಲಿ ಅದು ಉಂಟು. ಆದರೆ ಅದಕ್ಕೊಂದು ಕಟ್ಟಳೆ. ಸತ್ತ ಗಂಡನ ಕಲ್ಲಿಗೆ ನೀರೆರೆದು, ಹೂವು ಅಂಟಿಸಿ, ಹೋಗಲೇ ಎಂದು ಕೇಳಬೇಕು. ಹೂವು ಕೆಳಗೆ ಬಿದ್ದರೆ ಅವನು ಒಪ್ಪಿದ ಹಾಗೆ. ಬೀಳದಿದ್ದರೆ ಉಡಿಕೆ ಇಲ್ಲ. ಕರೆವ್ವ ಒಪ್ಪಿದಳು. ಮಗನ ಹೆಂಡತಿಯನ್ನು ಮಗನಿಗೇ ಕೊಡಲು ಒಪ್ಪಿ, ಒಳಗೆ ಹೋಗಿ ಒಬ್ಬಳೇ ನಕ್ಕಳೋ ಅತ್ತಳೋ, ಹೊರಗಿದ್ದವರಿಗೆ ಸರಿಯಾಗಿ ಕೇಳಿಸಲಿಲ್ಲ.

ಒಂದು ಇಳಿಹೊತ್ತಿನಲ್ಲಿ ಊರು ಕಲ್ಲಿನ ಸುತ್ತ ಸೇರಿತು. ಗಿರೆವ್ವ ನೀರೆರೆದಳು, ಕಣಗಿಲೆ ಹೂವನ್ನು ಕಲ್ಲಿಗೆ ಅಂಟಿಸಿ ಕೈಮುಗಿದು ನಿಂತಳು. ಹೂವು ಬೀಳಲಿಲ್ಲ. ಎಲ್ಲರೂ ಕಾದರು. ಹೂವು ಅಲುಗಲೂ ಇಲ್ಲ. ಬೆಳಗ್ಗೆ ಪೂಜಾರಿ ಖುಷಿಯಲ್ಲಿ ಎಣ್ಣೆ ಅರಿಸಿನ ಜಾಸ್ತಿ ಮೆತ್ತಿದ್ದನಂತೆ, ಅದಕ್ಕೇ ಅಂಟಿಕೊಂಡಿತು ಅನ್ನುತ್ತಾರೆ. ಇಲ್ಲ, ಕಲ್ಲಿನೊಳಗಿನ ಬರಮನಿಗೆ ನಿಜವಾಗಿಯೂ ಮನಸ್ಸಿರಲಿಲ್ಲ ಅನ್ನುವವರೂ ಇದ್ದಾರೆ. ಹೊತ್ತು ಮುಳುಗತೊಡಗಿತು. ಹಿರಿಯರು ಗುಸುಗುಸು ಅಂದರು. ಒಬ್ಬಿಬ್ಬರು ಎದ್ದು ಕಂಬಳಿ ಕೊಡವಿದರು.

ಗಿರೆವ್ವನ ಕಟ್ಟೆ ಒಡೆಯಿತು. ಕಲ್ಲಿಗೆ ಎದುರು ನಿಂತು ಗದರಿದಳು.

“ನೀ ಕಲ್ಲಾಗಿ ನಿಂತಿ, ಊರೆಲ್ಲ ನಿನಗ ಕೈಮುಗೀತೈತಿ. ನಾ ಏನಾದೆ? ನಿನ್ನ ಉಳಸಾಕ ನನ್ನ ಕೈ ಬರಿದು ಮಾಡ್ಕೊಂಡೆ. ಈಗ ನೀನs ನನ್ನ ಬ್ಯಾಡ ಅಂತೀಯೇನು?”

ಉಳಸಾಕ ಎಂದಳು. ಸತ್ತವನಿಗೆ ಹೇಳುವ ಮಾತಲ್ಲ ಅದು. ಎಲ್ಲರ ಕಿವಿಗೂ ಬಿತ್ತು. ಆಗ ಹಿಂದೆ ನಿಂತಿದ್ದ ಪರದೇಶಿ ಕುಂಟುತ್ತ ಮುಂದೆ ಬಂದ. ಕಲ್ಲಿನ ಮೇಲಿನ ಹೂವನ್ನು ತನ್ನ ಕೈಯಿಂದ ಕಿತ್ತು, ಊರ ಕಣ್ಣೆದುರಿಗೆ ಅವಳ ಮುಡಿಗೆ ಸಿಕ್ಕಿಸಿದ.

ಕಟ್ಟಳೆ ಮುರಿದಿತ್ತು. ಜನ ಗೌಡನ ಕಡೆ ತಿರುಗಿದರು. ಹಂಪಣ್ಣ ಗೌಡ ಕಲ್ಲನ್ನು ನೋಡಿದ, ಕುಂಟ ಪೂಜಾರಿಯನ್ನು ನೋಡಿದ, ಗಿರೆವ್ವನ ಬರಿಗೈಯನ್ನು ಬಹಳ ಹೊತ್ತು ನೋಡಿದ.

“ಬರಮ ಕೊಟ್ಟ,” ಎಂದ. “ಎಲ್ಲಾರೂ ನೋಡೀರಿ. ಬರಮ ತನ್ನ ಕೈಯಾರೆ ಕೊಟ್ಟ. ಬಳಿ ಇಡಿಸ್ರಿ ಆಕಿಗೆ.”

ಆಮೇಲೆ ಅವರು ಬಾಳಿದರು, ಮಕ್ಕಳಾದವು. ಕೋಟೆ ಬಿತ್ತು, ದೊರೆ ಹೋದ, ಈಗ ನಿನ್ನ ಹೆಸರು ತಗೋ ಎಂದು ಗೌಡನ ಮಗ ಹೇಳಿದನಂತೆ. ಬರಮ ಒಲ್ಲೆ ಅಂದ. ಆ ಹೆಸರಿಗೆ ಹರಕೆ ಹೊತ್ತವರು ಬಹಳ ಮಂದಿ ಇದ್ದಾರೆ, ಅವರನ್ನೆಲ್ಲ ಎಲ್ಲಿಗೆ ಕಳಿಸಲಿ ಎಂದ. ಹಲ್ಲು ಉದುರಿ, ಕಣ್ಣು ಮಂಜಾಗಿ, ಒಂದು ಬೆಳಗ್ಗೆ ಹಟ್ಟಿಯ ಬಾಗಿಲಲ್ಲಿ ಬಿಸಿಲಿಗೆ ಕೂತವನು ಏಳಲಿಲ್ಲ. ಅವನನ್ನು ಆ ಕಲ್ಲಿನ ಬುಡದಲ್ಲೇ ಹೂಳಿದರು. ಲೋಕದಲ್ಲಿ ಸಮಾಧಿ ಮೊದಲು, ಕಲ್ಲು ಆಮೇಲೆ. ಅವನಿಗೆ ಎಲ್ಲವೂ ಹಿಂದುಮುಂದು.

ಮಣ್ಣು ಮುಚ್ಚಿದ ಮೇಲೆ ಹೆಂಗಸರು ಗುಂಡುಕಲ್ಲು ಹಿಡಿದು ಗಿರೆವ್ವನ ಹತ್ತಿರ ಬಂದರು. ಮುದುಕಿಯಾಗಿದ್ದ ಗಿರೆವ್ವ ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡಳು.

“ಇವನ ಸಾವಿಗೆ ನಾ ಒಮ್ಮೆ ಒಡಕೊಂಡೀನಿ. ಆಗ ನೀವೆಲ್ಲ ಖರೇ ಅಂದ್ರಿ, ಸುಳ್ಳಾತು. ಈಗಿಂದು ಖರೇ ಅಂತ ಯಾರು ಹೇಳ್ತೀರಿ, ಬರ್ರಿ ಮುಂದ.”

ಯಾರೂ ಮುಂದೆ ಬರಲಿಲ್ಲ. ಅವಳು ಹಸಿರು ಬಳೆ ತೊಟ್ಟೇ ಕಾಲ ಕಳೆದಳು, ತೊಟ್ಟೇ ಹೋದಳು.

ಆ ಊರಿನಲ್ಲಿ ಅಂದಿನಿಂದ ಯಾವ ಹೆಂಗಸಿನ ಬಳೆಯನ್ನೂ ಒಡೆದಿಲ್ಲ. ಗಂಡ ತೀರಿದ ಮನೆಗೆ ಹಿರಿಯ ಹೆಂಗಸರು ಕಟ್ಟಳೆಯಂತೆ ಹೋಗುತ್ತಾರೆ, ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡು, “ಬಳಿ ತಗೀಲೇನವ್ವಾ?” ಎಂದು ಕೇಳುತ್ತಾರೆ. “ನಾಳೆ ನೋಡೂಣು,” ಎಂದು ಅವಳು ಹೇಳುತ್ತಾಳೆ. ಅವರು ಎದ್ದು ಮನೆಗೆ ಹೋಗುತ್ತಾರೆ. ಮರುದಿನ ಯಾರೂ ಬಂದು ಕೇಳುವುದಿಲ್ಲ.